ಗ್ರ್ಯಾನ್ ಟುರಿಸ್ಮೊ ಮತ್ತೆ ಆಡಿದೆ: ಕಲಿಸಿದ್ದು ಏನು, ಕೇಳದೆ ಬಿಟ್ಟಿದ್ದು ಏನು

ಮೊದಲ ಪ್ಲೇಸ್ಟೇಷನ್‌ಗೆ ಬಂದ ಗ್ರ್ಯಾನ್ ಟುರಿಸ್ಮೊ ಅನ್ನೋ ಕಾರ್ ರೇಸ್ ಆಟದ ಬಗ್ಗೆ ಯಾರನ್ನು ಕೇಳಿದರೂ ಹೊಗಳುತ್ತಾರೆ. ಒಂದು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾದ ಆಟ ಅದು. ಆ ಕನ್ಸೋಲ್‌ನಲ್ಲಿ ಅದಕ್ಕಿಂತ ಹೆಚ್ಚು ಮಾರಾಟವಾದದ್ದು ಇನ್ನೊಂದಿಲ್ಲ. ನಾನೂ ಹೊಗಳುವ ಗುಂಪಿನವನೇ. ಆದರೆ ಈ ಸಲ ಲೈಸೆನ್ಸ್ ಪರೀಕ್ಷೆಯಿಂದ ಶುರು ಮಾಡಿ ಕೊನೆಯ ಕಪ್‌ವರೆಗೂ ಕೂತು ಆಡಿದ ಮೇಲೆ ಒಂದು ತಕರಾರು ಗಟ್ಟಿಯಾಯಿತು. ಈ ಆಟ ಮೊದಲ ಕೆಲವು ಗಂಟೆ ಕಾರು ಓಡಿಸುವುದನ್ನು ಬಹಳ ಚೆನ್ನಾಗಿ ಕಲಿಸುತ್ತದೆ. ಆಮೇಲೆ ಕಲಿತದ್ದನ್ನು ಯಾರೂ ಕೇಳುವುದೇ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಸಾಕು, ಗೆಲ್ಲಬಹುದು.

ಮೊದಲು ಯಂತ್ರದ ಮಾತು ಮುಗಿಸಿಬಿಡುತ್ತೇನೆ. ಈ ಆಟಕ್ಕೆ ಹಳೆಯ ಡಬ್ಬಾ ಟಿವಿಯೇ ಬೇಕು. ಈಗಿನ ಚಪ್ಪಟೆ ಟಿವಿಗಳಲ್ಲಿ ಬಟನ್ ಒತ್ತಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ ಸಣ್ಣ ತಡ ಇರುತ್ತದೆ. ಬೇರೆ ಆಟಗಳಲ್ಲಿ ಅದು ನಡೆಯುತ್ತದೆ. ಇಲ್ಲಿ ಬ್ರೇಕ್ ಹಾಕುವ ಜಾಗವೇ ಎಲ್ಲ, ಹಾಗಾಗಿ ನಡೆಯುವುದಿಲ್ಲ. ಇನ್ನೊಂದು ತಲೆನೋವು ಹಳಬರಿಗೆ ನೆನಪಿರುತ್ತದೆ. ನಮ್ಮ ಹಳೆಯ ಟಿವಿಗಳು ಪಾಲ್ ಅನ್ನೋ ಚಿತ್ರ ಪದ್ಧತಿಯವು. ಅಮೆರಿಕದ ಅಥವಾ ಜಪಾನಿನ ಡಿಸ್ಕ್ ಎನ್‌ಟಿಎಸ್‌ಸಿ ಅನ್ನೋ ಬೇರೆ ಪದ್ಧತಿಯದು. ಹಳೆಯ ಸೆಟ್‌ಗೆ ಹಾಕಿದರೆ ಎಷ್ಟೋ ಸಲ ಚಿತ್ರ ಕಪ್ಪು ಬಿಳುಪಾಗಿ ಬರುತ್ತಿತ್ತು. ಕೆಂಪು ಸುಪ್ರಾ ಕಾರು ಯಾವುದು, ನೀಲಿ ಇಂಪ್ರೆಜಾ ಕಾರು ಯಾವುದು ಅಂತ ಆಕಾರ ನೋಡಿ ಹೇಳಬೇಕಿತ್ತು! ಯುರೋಪಿನ ಡಿಸ್ಕ್ ಹಾಕಿದರೆ ಬಣ್ಣ ಬರುತ್ತದೆ, ಆದರೆ ಆ ಪದ್ಧತಿಯಲ್ಲಿ ಪರದೆಯ ಚಿತ್ರ ಬದಲಾಗುವುದು ಸೆಕೆಂಡಿಗೆ 50 ಸಲ, ಎನ್‌ಟಿಎಸ್‌ಸಿಯದು 60. ಎರಡನ್ನೂ ಒಪ್ಪುವ ಟಿವಿ ಸಿಕ್ಕಿದರೆ ಎನ್‌ಟಿಎಸ್‌ಸಿ ಡಿಸ್ಕ್ ಆಡಿ. ನಾನು ಹಾಗೇ ಮಾಡಿದೆ.

ಆಟ ಜಪಾನಿನಲ್ಲಿ ಬಂದದ್ದು 1997ರ ಡಿಸೆಂಬರ್ 23ಕ್ಕೆ. ಇದನ್ನು ಮಾಡಿದ ಕಝುನೊರಿ ಯಮಾಉಚಿ ಮತ್ತು ಅವರ ಸಣ್ಣ ತಂಡ ಸುಮಾರು ಐದು ವರ್ಷ ಇದರ ಮೇಲೆ ಕೂತಿತ್ತು. ಪ್ಲೇಸ್ಟೇಷನ್‌ನ ಪ್ರೊಸೆಸರ್ 33.8 ಮೆಗಾಹರ್ಟ್ಸ್, ಮೆಮೊರಿ 2 ಎಂಬಿ. ಇಷ್ಟರಲ್ಲಿ ಕಾರಿನ ತೂಕ, ಸ್ಪ್ರಿಂಗ್, ಟೈರಿನ ಹಿಡಿತ ಎಲ್ಲ ಲೆಕ್ಕ ಹಾಕಿ, ಮೇಲೆ ಕಾರಿನ ಮೈಮೇಲೆ ಬೆಳಕು ಹರಿಯುವುದನ್ನೂ ತೋರಿಸಿದ್ದಾರೆ. ಆ ಬೆಳಕು ಇವತ್ತಿಗೂ ರಿಪ್ಲೇನಲ್ಲಿ, ಅಂದರೆ ಮುಗಿದ ರೇಸನ್ನು ಮತ್ತೆ ತೋರಿಸುವಾಗ, ಚೆಂದ ಕಾಣುತ್ತದೆ. ಹತ್ತಿರದಿಂದ ನೋಡಿದರೆ ರಸ್ತೆಯ ಚಿತ್ರ ಅಲುಗಾಡುತ್ತದೆ, ದೂರದ ಮರಗಳು ತಟ್ಟನೆ ಎದ್ದು ಬರುತ್ತವೆ. ಅದು ಆ ಯಂತ್ರದ ಮಿತಿ. ಅದನ್ನು ನಾನು ದೋಷ ಅಂತ ಎಣಿಸುವುದಿಲ್ಲ.

ಇನ್ನು ಆಟದೊಳಗಿನ ಡ್ರೈವಿಂಗ್ ಲೈಸೆನ್ಸ್. ಬಿ, ಎ, ಇಂಟರ್‌ನ್ಯಾಷನಲ್ ಎ ಅಂತ ಮೂರು ಹಂತ, ಒಂದೊಂದರಲ್ಲಿ ಎಂಟು ಪರೀಕ್ಷೆ. ಬಹಳ ಜನಕ್ಕೆ ಇದು ಬೋರು. ನನಗೆ ಇಡೀ ಆಟದ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಮೊದಲ ಪರೀಕ್ಷೆಯಲ್ಲಿ ಮಾಡಬೇಕಾದ್ದು ನೇರ ರಸ್ತೆಯಲ್ಲಿ ಹೊರಟು, ಗುರುತು ಹಾಕಿದ ಜಾಗದೊಳಗೆ ನಿಲ್ಲಿಸುವುದು, ಅಷ್ಟೇ. ಕೇಳಿದರೆ ನಗು ಬರುತ್ತದೆ. ಬ್ರೇಕ್ ಸ್ವಲ್ಪ ತಡವಾದರೆ ಗೆರೆ ದಾಟುತ್ತೀರಿ, ಬೇಗ ಹಾಕಿದರೆ ಟೈಮ್ ಹೋಗುತ್ತದೆ. ಆಮೇಲೆ ಒಂದೇ ತಿರುವು, ಆಮೇಲೆ ಎರಡು ತಿರುವು, ಹೀಗೆ ಬೆಳೆಯುತ್ತಾ ಹೋಗುತ್ತದೆ. ರಸ್ತೆಯಿಂದ ಆಚೆ ಹೋದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕಂಚು, ಬೆಳ್ಳಿ, ಚಿನ್ನ ಅಂತ ಟೈಮ್ ಇರುತ್ತದೆ. ಕಂಚು ಸುಲಭ. ಚಿನ್ನಕ್ಕೆ ಹೋದಾಗಲೇ ಪಾಠ ಶುರುವಾಗುತ್ತದೆ.

ಚಿನ್ನ ತೆಗೆಯುವಾಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೆ. ಮೊದಲು ತಿರುವಿನ ಹೊರಬಾಗಿಲು ನೋಡುವುದು, ಅಂದರೆ ತಿರುವು ಮುಗಿದ ಮೇಲೆ ಕಾರು ರಸ್ತೆಯ ಯಾವ ಅಂಚಿಗೆ ಬರಬೇಕು ಅಂತ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ರೇಕಿನ ಜಾಗ ಹುಡುಕುವುದು. ಒಂದು ಬೋರ್ಡು, ಒಂದು ನೆರಳು, ಬಣ್ಣ ಬಳಿದ ಅಂಚಿನ ಕಲ್ಲು, ಯಾವುದಾದರೂ ಗುರುತು ಆಗಬೇಕು. ಕಾರು ನೇರ ಇರುವಾಗಲೇ ಬ್ರೇಕ್ ಮುಗಿಸಬೇಕು. ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಕಟ್ಟಿಕೊಂಡು ಗಕ್ಕನೆ ಬ್ರೇಕ್ ಹಾಕಿದರೆ ಮೂಟೆ ಹೇಗೆ ಬೆನ್ನಿಗೆ ಒತ್ತುತ್ತದೋ, ಕಾರಿನ ತೂಕವೂ ಹಾಗೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಸ್ಟಿಯರಿಂಗನ್ನೂ ತಿರುಗಿಸಿದರೆ ಮುಂದಿನ ಟೈರು ಎರಡು ಕೆಲಸ ಮಾಡಲಾರದು, ಹಿಂದಿನ ಟೈರಿಗೆ ಹಿಡಿತ ಇರುವುದಿಲ್ಲ. 1997ರ ಒಂದು ಆಟದಲ್ಲಿ ಇದು ಕೈಗೆ ಗೊತ್ತಾಗುತ್ತದೆ ಅನ್ನೋದೇ ಇದರ ದೊಡ್ಡ ಶಕ್ತಿ. ಘಾಟಿ ರಸ್ತೆಯಲ್ಲಿ ತಿರುವಿಗೆ ಮೊದಲೇ ವೇಗ ಇಳಿಸುವ ಅಭ್ಯಾಸ ನನಗೆ ಬಂದದ್ದು ಡ್ರೈವಿಂಗ್ ಸ್ಕೂಲಿಂದಲ್ಲ, ಇಲ್ಲಿಂದ.

ಟೈರಿನ ಕಿರುಚಾಟವನ್ನೂ ಹೇಳಲೇಬೇಕು. ಎಂಜಿನ್ ಶಬ್ದ ಈ ಆಟದಲ್ಲಿ ಸಪ್ಪೆ, ಎಷ್ಟೋ ಕಾರುಗಳು ಮಿಕ್ಸಿ ಥರ ಗುಂಯ್ಗುಡುತ್ತವೆ. ಆದರೆ ಟೈರಿನ ಶಬ್ದದಲ್ಲಿ ಮಾಹಿತಿ ಇದೆ. ಸಣ್ಣಗೆ ಕೀರಲು ದನಿ ಬಂದರೆ ಇನ್ನೂ ಹಿಡಿತ ಇದೆ ಅಂತ. ದನಿ ಏರಿದರೆ ಜಾರುತ್ತಿದೆ. ನಾನು ಆಟದ ಹಾಡು ಪೂರ್ತಿ ಇಳಿಸಿ ಬರೀ ಇದನ್ನೇ ಕೇಳುತ್ತಾ ಆಡಿದೆ, ಚಿನ್ನದ ಟೈಮ್‌ಗಳು ಆಗ ಬರತೊಡಗಿದವು. ಕ್ಯಾಮೆರಾ ಬಂಪರ್ ಮೇಲಿನದು ಇಟ್ಟುಕೊಳ್ಳಿ. ಕಾರಿನ ಹಿಂದಿನಿಂದ ನೋಡಿದರೆ ಚೆಂದ, ಆದರೆ ರಸ್ತೆಯ ಅಂಚು ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಒಳಗೆ ಕೂತು ಡ್ಯಾಶ್‌ಬೋರ್ಡ್ ನೋಡುವ ನೋಟ ಇಲ್ಲ.

ಲೈಸೆನ್ಸ್ ಆದ ಮೇಲೆ ಕೈಯಲ್ಲಿ 10,000 ಕ್ರೆಡಿಟ್, ಅಂದರೆ ಆಟದ ದುಡ್ಡು. ಸ್ಕೈಲೈನ್ ಜಿಟಿ-ಆರ್‌ನಂಥ ದೊಡ್ಡ ಕಾರು ಕನಸೇ. ಸೆಕೆಂಡ್ ಹ್ಯಾಂಡ್ ಅಂಗಡಿಗೇ ಹೋಗಬೇಕು, ಅಲ್ಲಿ ಬರೀ ಜಪಾನಿ ಕಾರುಗಳು. ಅಂಗಡಿಯ ಪಟ್ಟಿ ದಿನ ಕಳೆದಂತೆ ಬದಲಾಗುತ್ತಿರುತ್ತದೆ. ಒಂದು ಹಳೆಯ ಸಿಲ್ವಿಯಾಕ್ಕೋ ಟ್ರುಯೆನೊಗೋ ಕಾಯುತ್ತಾ ಪುಟ ತಿರುಗಿಸುವುದರಲ್ಲಿ ಒಂದು ಸುಖ ಇದೆ. ನಿಜವಾಗಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕಿದವರಿಗೆ ಅದು ಗೊತ್ತು.

ಇಲ್ಲಿ ಒಂದು ಸ್ವಾರಸ್ಯ ಇದೆ. ಜಪಾನಿನ ಕಾರು ಕಂಪನಿಗಳ ನಡುವೆ ಆ ಕಾಲದಲ್ಲಿ ಒಂದು ಒಪ್ಪಂದ ಇತ್ತು. ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಜಾಸ್ತಿ ಅಂತ ಪ್ರಕಟಿಸಬಾರದು. ಅದು 2004ರವರೆಗೂ ನಡೆಯಿತು. ಹಾಗಾಗಿ ಆಟದಲ್ಲಿ ಸುಪ್ರಾ, ಸ್ಕೈಲೈನ್, ಜಿಟಿಒ ಎಲ್ಲದರ ಮುಂದೆ ಹೆಚ್ಚು ಕಡಿಮೆ ಒಂದೇ ಅಂಕಿ ಕಾಣುತ್ತದೆ. ಓಡಿಸಿದರೆ ಮಾತ್ರ ಒಂದರಂತೆ ಇನ್ನೊಂದಿಲ್ಲ. ಜಿಟಿಒ ಭಾರ, ತಿರುವಿನಲ್ಲಿ ಮೂಗು ಹೊರಕ್ಕೆ ಎಳೆಯುತ್ತದೆ. ಸುಪ್ರಾ ಹಿಂದಿನ ಚಕ್ರದ ಕಾರು, ಅಂದರೆ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು ಮಾತ್ರ; ಆಕ್ಸಿಲರೇಟರ್ ಸ್ವಲ್ಪ ಬೇಗ ಒತ್ತಿದರೆ ಬಾಲ ಬೀಸುತ್ತದೆ. ಸ್ಕೈಲೈನ್ ನಾಲ್ಕೂ ಚಕ್ರದಲ್ಲಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಅಂಕಿ ಒಂದೇ, ಸ್ವಭಾವ ಬೇರೆ. ಈ ವ್ಯತ್ಯಾಸ ತೋರಿಸುವುದರಲ್ಲಿ ಗ್ರ್ಯಾನ್ ಟುರಿಸ್ಮೊವನ್ನು ಮೀರಿಸಿದ ಆಟ ಆ ಕನ್ಸೋಲ್‌ನಲ್ಲಿ ನಾನು ನೋಡಿಲ್ಲ.

ಪಾರ್ಟ್ಸ್ ಹಾಕುವಾಗ ಎಲ್ಲರೂ ಮೊದಲು ಎಂಜಿನ್ ಶಕ್ತಿ ಏರಿಸುವ ಟರ್ಬೊ ಕಡೆ ಓಡುತ್ತಾರೆ. ನಾನು ಟೈರು, ತೂಕ ಇಳಿಸುವುದು, ಬ್ರೇಕ್, ಈ ಸಾಲಿನಲ್ಲಿ ಹೋದೆ. ತೂಕ ಇಳಿಸಿದರೆ ವೇಗ ಹಿಡಿಯುವುದು, ನಿಲ್ಲುವುದು, ತಿರುಗುವುದು ಮೂರೂ ಸುಧಾರಿಸುತ್ತವೆ. ಟರ್ಬೊ ಹಾಕಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ. ಗೇರ್ ಬಾಕ್ಸ್ ಬದಲಿಸಿದ ಮೇಲೆ ಹೀಗೆ ಮಾಡಿ. ಆ ಟ್ರ್ಯಾಕ್‌ನ ಅತಿ ಉದ್ದದ ನೇರ ರಸ್ತೆಯ ಕೊನೆಗೆ ಮೇಲಿನ ಗೇರಿನಲ್ಲಿ ಎಂಜಿನ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುವ ಹಾಗೆ ಫೈನಲ್ ಗೇರ್ (ಎಲ್ಲ ಗೇರುಗಳನ್ನೂ ಒಟ್ಟಿಗೆ ಬದಲಿಸುವ ಅಂಕಿ) ಹೊಂದಿಸಿ. ಮುಂಚೆಯೇ ಮುಟ್ಟಿದರೆ ಗೇರು ಗಿಡ್ಡ, ಮುಟ್ಟದೇ ಹೋದರೆ ಉದ್ದ. ಮುಂದಿನ ಚಕ್ರದ ಕಾರು ತಿರುವಿನಲ್ಲಿ ಹೊರಕ್ಕೆ ಹೋಗುತ್ತಿದ್ದರೆ ಮುಂದಿನ ಸ್ಟೆಬಿಲೈಸರ್ (ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಕಂಬಿ) ಮೆತ್ತಗೆ, ಹಿಂದಿನದು ಗಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಪುಸ್ತಕದ ಮಾತಲ್ಲ, ಟ್ರಯಲ್ ಮೌಂಟನ್ ಟ್ರ್ಯಾಕ್‌ನಲ್ಲಿ ಸುತ್ತು ಹಾಕಿ ನೋಡಿದರೆ ಗಡಿಯಾರದಲ್ಲೇ ಕಾಣುತ್ತದೆ.

ಇಲ್ಲಿವರೆಗೂ ಎಲ್ಲ ಚೆನ್ನ. ಕೆಡುವುದು ಇಲ್ಲಿಂದಲೇ.

ಕಪ್ ಗೆದ್ದರೆ ದುಡ್ಡು ಮಾತ್ರವಲ್ಲ, ಕಾರು ಕೂಡ ಬಹುಮಾನ. ಆ ಕಾರು ಮಾರಿದರೆ ಇನ್ನೂ ದುಡ್ಡು. ಅದೇ ಕಪ್ ಮತ್ತೆ ಆಡಬಹುದು, ಮತ್ತೆ ಮಾರಬಹುದು. ಸ್ವಲ್ಪ ದಿನಕ್ಕೆ ಗ್ಯಾರೇಜಿನಲ್ಲಿ ದೊಡ್ಡ ಟರ್ಬೊ ಹಾಕಿದ ಕಾರು ನಿಂತಿರುತ್ತದೆ. ಎದುರಾಳಿಗಳ ಕೈಲಿ ಅದರ ಅರ್ಧ ಶಕ್ತಿ. ಆಟ ಇದನ್ನು ತಡೆಯುವುದಿಲ್ಲ. ಮುಂದಿನ ಚಕ್ರದ ಕಾರು ಮಾತ್ರ, ಇಂಥ ದೇಶದ ಕಾರು ಮಾತ್ರ ಅಂತ ನಿಯಮ ಇರುತ್ತದೆ, ಆದರೆ ಶಕ್ತಿಗೆ ಮಿತಿ ಹಾಕಿದ ರೇಸು ಹುಡುಕಬೇಕು. ಹೈ ಸ್ಪೀಡ್ ರಿಂಗ್ ಟ್ರ್ಯಾಕ್‌ನಲ್ಲಿ ಮೊದಲ ತಿರುವು ಬರುವ ಮೊದಲೇ ಎಲ್ಲರನ್ನೂ ದಾಟಿ, ಉಳಿದ ಹೊತ್ತು ಸುಮ್ನೆ ಒಬ್ಬನೇ ಸುತ್ತುತ್ತಿರುತ್ತೀರಿ. ಲೈಸೆನ್ಸ್‌ನಲ್ಲಿ ಬೆವರು ಹರಿಸಿ ಕಲಿತ ಬ್ರೇಕಿಂಗ್ ಯಾರಿಗೆ ಬೇಕು?

ಇದಕ್ಕೆ ಎದುರಾಳಿಗಳೂ ಕಾರಣ. ರೇಸಿನಲ್ಲಿ ನಿಮ್ಮನ್ನೂ ಸೇರಿಸಿ ಆರೇ ಕಾರು. ಐದೂ ಕಾರುಗಳು ತಮ್ಮ ಗೆರೆ ಹಿಡಿದು ಹೋಗುತ್ತವೆ. ನೀವು ಆ ಗೆರೆ ಮೇಲೆ ಇದ್ದರೆ ಗುದ್ದಿಕೊಂಡೇ ಹೋಗುತ್ತವೆ. ದ್ವೇಷ ಇಲ್ಲ, ನೀವು ಅವರ ಕಣ್ಣಿಗೆ ಬಿದ್ದೇ ಇಲ್ಲ. ಜೊತೆಗೆ ಕಾರಿಗೆ ಡ್ಯಾಮೇಜ್ ಇಲ್ಲ. ಹಾಗಾಗಿ ತಿರುವಿನಲ್ಲಿ ಬ್ರೇಕ್ ಹಾಕದೆ ಗೋಡೆಗೆ ಒರಗಿಕೊಂಡು ಹೋದರೂ ನಡೆಯುತ್ತದೆ. ಕೆಲವು ಕಡೆ ಅದೇ ಬೇಗ! ಲೈಸೆನ್ಸ್ ಪರೀಕ್ಷೆಯಲ್ಲಿ ಗೆರೆ ದಾಟಿದರೆ ಫೇಲ್ ಮಾಡುವ ಆಟವೇ, ರೇಸಿನಲ್ಲಿ ಗೋಡೆಗೆ ಉಜ್ಜಿಕೊಂಡು ಬಂದವನಿಗೆ ಕಪ್ ಕೊಡುತ್ತದೆ. ಒಂದೇ ಡಿಸ್ಕ್‌ನಲ್ಲಿ ಎರಡು ಮನಸ್ಸು. ಡ್ಯಾಮೇಜ್ ಇಲ್ಲದ್ದಕ್ಕೆ ಜನ ಬಯ್ಯುತ್ತಾರೆ. ಬಾನೆಟ್ ಸೊಟ್ಟಗಾಗುವುದು ನೋಡಬೇಕೆಂಬ ಆಸೆ ನನಗಿಲ್ಲ. ಗೋಡೆಗೆ ತಾಗಿದರೆ ಹತ್ತು ಸೆಕೆಂಡ್ ದಂಡ ಅಂತಿದ್ದರೂ ಸಾಕಿತ್ತು.

ಆದ್ದರಿಂದ ನಾನೇ ನಿಯಮ ಹಾಕಿಕೊಂಡೆ. ಬಹುಮಾನದ ಕಾರು ಮಾರುವುದಿಲ್ಲ. ಎದುರಾಳಿಗಳ ಮಟ್ಟ ಮೀರಿ ಎಂಜಿನ್‌ಗೆ ಕೈ ಹಾಕುವುದಿಲ್ಲ. ಗೋಡೆಗಾಗಲಿ ಕಾರಿಗಾಗಲಿ ತಾಗಿ ಲಾಭ ಆದರೆ, ರೇಸು ಬಿಟ್ಟು ಮತ್ತೆ ಶುರು. ಕೊನೆಯದು ಪಾಲಿಸುವುದು ಕಷ್ಟ, ಯಾಕೆಂದರೆ ಅವರೇ ಬಂದು ಗುದ್ದುತ್ತಾರೆ. ಅದಕ್ಕೆ ಅರ್ಹತಾ ಸುತ್ತು ಬಿಡಬೇಡಿ. ಒಬ್ಬರೇ ಓಡಿಸಿ ಮೊದಲ ಸ್ಥಾನ ಹಿಡಿದರೆ ಬೋನಸ್ ಕೂಡ ಸಿಗುತ್ತದೆ, ಮೊದಲ ತಿರುವಿನ ತಳ್ಳಾಟವೂ ತಪ್ಪುತ್ತದೆ. ಈ ನಿಯಮಗಳಲ್ಲಿ ಡೀಪ್ ಫಾರೆಸ್ಟ್‌ನಂಥ ಟ್ರ್ಯಾಕ್ ಬೇರೆಯೇ ಆಗಿಬಿಟ್ಟಿತು. ಮುಂದಿನ ಕಾರು ಎರಡು ಸೆಕೆಂಡ್ ದೂರದಲ್ಲಿದೆ, ನೇರ ರಸ್ತೆಯಲ್ಲಿ ಹಿಡಿಯಲು ಶಕ್ತಿ ಇಲ್ಲ, ಇರುವುದು ಬ್ರೇಕ್ ಮಾತ್ರ. ಒಂದೊಂದು ತಿರುವಿನಲ್ಲಿ ಚೂರು ಚೂರು ಕಿತ್ತುಕೊಳ್ಳಬೇಕು. ಆಟ ಒಳಗೆ ಬಚ್ಚಿಟ್ಟಿದ್ದ ರೇಸಿಂಗ್ ಆಗ ಹೊರಗೆ ಬಂತು.

ನಿಯಮ ಇಲ್ಲದೆಯೂ ಕಲಿತದ್ದನ್ನು ಕೇಳುವ ರೇಸು ಇದೆ, ಅದು ಗ್ರ್ಯಾಂಡ್ ವ್ಯಾಲಿ 300 ಕಿಲೋಮೀಟರ್. ಅರವತ್ತು ಸುತ್ತು, ಎರಡು ಗಂಟೆ ಹತ್ತಿರ. ಇಲ್ಲಿ ಟೈರು ಸವೆಯುತ್ತದೆ. ಪರದೆಯ ಮೇಲಿನ ಗುರುತು ಕೆಂಪಾಗುತ್ತಾ ಹೋದಂತೆ ಕಾರು ನಿಮ್ಮ ಮಾತು ಕೇಳುವುದು ಕಡಿಮೆ ಮಾಡುತ್ತದೆ. ಜೋರಾಗಿ ಓಡಿಸಿದರೆ ಟೈರು ಬದಲಿಸಲು ಜಾಸ್ತಿ ಸಲ ಪಿಟ್‌ಗೆ ಹೋಗಬೇಕು. ಮೆತ್ತಗೆ, ಒಂದೇ ಹದದಲ್ಲಿ ಸುತ್ತಿದರೆ ಒಂದು ಪಿಟ್ ಉಳಿಯುತ್ತದೆ. ಇಂಥ ಲೆಕ್ಕ ಮಾಮೂಲಿ ಕಪ್‌ಗಳಲ್ಲೂ ಇದ್ದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

1999ರಲ್ಲಿ ಬಂದ ಎರಡನೇ ಭಾಗದಲ್ಲಿ ಕಾರುಗಳು ಆರುನೂರು ದಾಟಿದವು, ಎಷ್ಟೋ ರೇಸುಗಳಿಗೆ ಶಕ್ತಿಯ ಮಿತಿಯೂ ಬಂತು. ಅದು ಸರಿಯಾದ ಹೆಜ್ಜೆ. ಆದರೆ ಅವಸರದಲ್ಲಿ ಮುಗಿಸಿದ ಆಟ. ಅಮೆರಿಕದ ಮೊದಲ ಪ್ರತಿಗಳಲ್ಲಿ ಎಲ್ಲ ಗೆದ್ದರೂ ಆಟ ಎಷ್ಟು ಮುಗಿಯಿತು ಅನ್ನುವ ಲೆಕ್ಕ 98.2 ಶೇಕಡಾದಲ್ಲೇ ನಿಂತುಬಿಡುತ್ತಿತ್ತು. ಗೋಡೆ ಅಲ್ಲೂ ಹಾಗೇ ಇದೆ.

ಈಗ ಶುರು ಮಾಡುವವರು ಮೊದಲನೆಯದನ್ನೇ ತೆಗೆದುಕೊಳ್ಳಿ. ಬಿ ಲೈಸೆನ್ಸ್‌ನ ಎಂಟರಲ್ಲೂ ಚಿನ್ನ ಬರುವವರೆಗೆ ಕಾರು ಕೊಳ್ಳಬೇಡಿ. ಆಮೇಲೆ ಹಿಂದಿನ ಚಕ್ರದ ಒಂದು ಹಗುರ ಹಳೆಯ ಕಾರು, ಅದಕ್ಕೆ ಒಳ್ಳೆಯ ಟೈರು. ಗ್ರ್ಯಾಂಡ್ ವ್ಯಾಲಿಯ ಉದ್ದದ ರೇಸಿನ ನಡುವೆ ಸೇವ್ ಮಾಡಲು ಆಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಏರಿಯಾದ ಕರೆಂಟು ಹೇಗೆ ಅಂತ ನಿಮಗೇ ಗೊತ್ತು. ಟಿವಿ, ಕನ್ಸೋಲ್ ಎರಡನ್ನೂ ಯುಪಿಎಸ್‌ಗೆ ಹಾಕಿಯೇ ಕೂತುಕೊಳ್ಳಿ.