ನಾಲ್ಕು ತಂತಿ ಸಾಕು: ಬೆಳಗಾವಿ ಕಡೆ ಬೇಸ್ ಗಿಟಾರ್ ಹಿಡಿಯುವವರಿಗೆ

ಮೊದಲು ಐದು ತಂತಿಯ ಆಸೆ ಬಿಡಿ. ಆರ್ಕೆಸ್ಟ್ರಾದಲ್ಲೋ ಭಜನಾ ಮೇಳದಲ್ಲೋ ಬೇಸ್ ನುಡಿಸಬೇಕು ಅಂತ ಹೊರಟವರು ಅಂಗಡಿಗೆ ಹೋಗುವ ಮುಂಚೆಯೇ ಐದು ತಂತಿಯದನ್ನು ಮನಸ್ಸಿನಲ್ಲಿ ಕೊಂಡು ಮುಗಿಸಿರುತ್ತಾರೆ. ಕಾರಣ ಕೇಳಿದರೆ ಲೆಕ್ಕ ಹೇಳುತ್ತಾರೆ. ನಮ್ಮ ಗಂಡು ಗಾಯಕರು ಹೆಚ್ಚಾಗಿ ಹಾರ್ಮೋನಿಯಂನ ಕರಿ ಒಂದು, ಕರಿ ಎರಡರ ಮನೆಯನ್ನು ಷಡ್ಜ (ಸಾ) ಮಾಡಿಕೊಂಡು ಹಾಡುತ್ತಾರೆ. ಅಂದರೆ ಸಿ ಶಾರ್ಪ್, ಡಿ ಶಾರ್ಪ್. ನಾಲ್ಕು ತಂತಿಯ ಬೇಸಿನಲ್ಲಿ ತೀರಾ ಕೆಳಗಿನ ಸ್ವರ ಇ. ಹಾಗಾಗಿ ಅದರ ಕೆಳಗಿನ ಷಡ್ಜ ಸಿಗುವುದಿಲ್ಲ, ಐದನೇ ತಂತಿ ಬೇಕೇ ಬೇಕು.

ಲೆಕ್ಕ ಸರಿ, ಉಪಯೋಗ ಇಲ್ಲ. ಐದನೇ ತಂತಿಯ ಸಿ ಶಾರ್ಪ್ ಸುಮಾರು 35 ಹರ್ಟ್ಸ್. ಮಂಗಲ ಕಾರ್ಯಾಲಯದಲ್ಲಿ ಸೌಂಡ್‌ನವರು ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಬಾಕ್ಸ್‌ಗಳಿಂದ ಅಷ್ಟು ಕೆಳಗಿನ ದನಿ ಹೊರಗೆ ಬರುವುದೇ ಕಷ್ಟ, ದೊಡ್ಡ ಸಬ್ ವೂಫರ್ ತಂದಿದ್ದರೆ ಮಾತು ಬೇರೆ. ಎ ತಂತಿಯ 4ನೇ ಫ್ರೆಟ್‌ನಲ್ಲಿ, ಅಂದರೆ ಬೇಸಿನ ಉದ್ದ ಕತ್ತಿನ (ನೆಕ್) ಮೇಲಿನ 4ನೇ ಲೋಹದ ಅಡ್ಡಪಟ್ಟಿಯಲ್ಲಿ ಇರುವ ಸಿ ಶಾರ್ಪ್ 69 ಹರ್ಟ್ಸ್. ಇದು ಎಲ್ಲಾ ಬಾಕ್ಸ್‌ನಲ್ಲೂ ಕೇಳುತ್ತದೆ. ಇನ್ನೊಂದು ಮಾತು: ಕರಿ ಒಂದಕ್ಕೆ ಶ್ರುತಿ ಮಾಡಿದ ಗಂಡಸರ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿಯೂ ಇದೇ 69 ಹರ್ಟ್ಸ್‌ನಲ್ಲೇ ಮಿಡಿಯುತ್ತದೆ. ಮಿರಜದ ತಂಬೂರಿ ಕೇಳಿ ಬೆಳೆದ ಕಿವಿಗಳು ನಮ್ಮ ಕಡೆಯವು. ಆ ಜಾಗದಲ್ಲಿ ಒಂದು ಗಟ್ಟಿ ಸ್ವರ ಕೂತರೆ ಸಾಕು, ಅದಕ್ಕಿಂತ ಕೆಳಗೆ ಇಳಿದು ನೆಲ ನಡುಗಿಸಿ ಅಂತ ಯಾರೂ ಕೇಳಿಲ್ಲ. ಮೆಟಲ್ ಬ್ಯಾಂಡ್ ಕಟ್ಟುವವರಿದ್ದರೆ ಐದು ತಂತಿ ಕೊಳ್ಳಿ, ನನ್ನ ಅಡ್ಡಿ ಇಲ್ಲ.

ಈಗ ಯಾವ ಬೇಸ್? ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಮತ್ತು 1960ರಲ್ಲಿ ತಂದ ಜಾಝ್ ಬೇಸ್, ಇವತ್ತು ಸಿಗುವ ಬೇಸುಗಳಲ್ಲಿ ಬಹುಪಾಲು ಈ ಎರಡರ ಸಂತಾನ. ಜಾಝ್ ಬೇಸಿನ ನೆಕ್ ಸಪೂರ, ಸಣ್ಣ ಕೈಗೆ ಹಿತ. ಆದರೆ ಅದರಲ್ಲಿರುವುದು ಎರಡು ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಮಾಡುವ ಒಂಟಿ ಸುರುಳಿಯ ಭಾಗಗಳು. ಎರಡರ ವಾಲ್ಯೂಮ್ ಸಮ ಇದ್ದಾಗ ಗುಂಯ್ ಅನ್ನುವ ಹಮ್ ಅಡಗುತ್ತದೆ, ಒಂದನ್ನು ಇಳಿಸಿದ ಕೂಡಲೇ ಶುರು. ಮದುವೆಯ ಸ್ಟೇಜಿನಲ್ಲಿ ಸೀರಿಯಲ್ ಲೈಟು, ಡಿಮ್ಮರ್, ಜನರೇಟರ್ ಎಲ್ಲ ಒಂದೇ ಲೈನಿನ ಮೇಲೆ ಇರುತ್ತವೆ, ಅಲ್ಲಿ ಈ ಹಮ್ ಭಾಳ ಕಾಡುತ್ತದೆ. ಪ್ರಿಸಿಷನ್‌ನ ಎರಡು ತುಂಡಿನ ಪಿಕಪ್ ಹಮ್ಮನ್ನು ತಾನೇ ಕೊಲ್ಲುತ್ತದೆ. ಹಾಗಾಗಿ ನಮ್ಮ ಕೆಲಸಕ್ಕೆ ಪ್ರಿಸಿಷನ್ ಮಾದರಿ, ಇಲ್ಲವೇ ಎರಡೂ ಬಗೆಯ ಪಿಕಪ್ ಇರುವ ಪಿ-ಜೆ ಮಾದರಿ ಸರಿ. ಯಮಹಾ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಎಸ್‌ಆರ್ 200 ಎರಡೂ ಇದೇ ಪಿ-ಜೆ ಬಗೆಯವು, ಹೊಸಬರಿಗೆ ಧಾರಾಳ ಸಾಕು.

ಸೆಕೆಂಡ್ ಹ್ಯಾಂಡ್ ಬೇಕಾದರೆ ಗೋವಾ ಕಡೆ ಹುಡುಕಿ, ಅಲ್ಲಿ ಬ್ಯಾಂಡುಗಳು ಜಾಸ್ತಿ. ನೋಡಬೇಕಾದ್ದು ಪೇಂಟ್ ಅಲ್ಲ, ನೆಕ್. ಬಾಡಿ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ತಿರುಚಿಕೊಂಡಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ನೆಕ್ಕಿನ ಒಳಗೆ ಅದರ ಬಾಗು ಸರಿಮಾಡಲು ಇರುವ ಸರಳು, ಅಂದರೆ ಟ್ರಸ್ ರಾಡ್, ತಿರುಗುತ್ತದಾ ಅಂತ ಮಾರುವವರ ಎದುರಿಗೇ ತಿರುಗಿಸಿ ನೋಡಿ. ನಾಬ್ ಕರಕರ ಅಂದರೆ ಚಿಂತೆ ಇಲ್ಲ, ಸ್ಪ್ರೇ ಹೊಡೆದರೆ ಹೋಗುತ್ತದೆ.

ಸೆಟಪ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಷ್ಟೋ ಜನ ಇದನ್ನು ಮಾಡದೇ ಬೇಸ್ ಸರಿ ಇಲ್ಲ ಅಂತ ಮಾರಿಬಿಡುತ್ತಾರೆ. ಬೆಳಗಾವಿಯ ಜುಲೈ ತಿಂಗಳಿನಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗಲ್ಲ, ವಿಜಯಪುರದ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಕಟ್ಟಿಗೆ ಇದಕ್ಕೆಲ್ಲ ಅಲುಗಾಡದೆ ಇರುತ್ತದಾ? ನೆಕ್ ಬಾಗುತ್ತದೆ, ಒಣ ಹವೆಯಲ್ಲಿ ಫ್ರೆಟ್‌ಗಳ ತುದಿ ಹೊರಗೆ ಬಂದು ಕೈಗೆ ಚುಚ್ಚುತ್ತದೆ. ಹಾಗಾಗಿ ಮಳೆ ಶುರುವಾದಾಗ ಒಮ್ಮೆ, ಬೇಸಿಗೆ ಶುರುವಾದಾಗ ಒಮ್ಮೆ ನೋಡಿಕೊಳ್ಳಿ. ಮೊದಲು ಶ್ರುತಿ ಮಾಡಿ. ಆಮೇಲೆ ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ 7ನೇ ಫ್ರೆಟ್ ಹತ್ತಿರ ಸಂದು ಎಷ್ಟಿದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಇರಲಿ. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು, ಸಂದೇ ಇಲ್ಲದಿದ್ದರೆ ಎಡಕ್ಕೆ ಕಾಲು ಸುತ್ತು. ಅಷ್ಟೇ. ತಿರುಗಿಸಿ, ಬಿಟ್ಟು, ಮಾರನೇ ದಿನ ಮತ್ತೆ ನೋಡಿ. ಜೋರು ಮಾಡಿ ರಾಡ್ ಮುರಿದರೆ ನೆಕ್ಕೇ ಹೋಯಿತು.

ನೆಕ್ ಸರಿಯಾದ ಮೇಲೆ ತಂತಿಯ ಎತ್ತರ. 12ನೇ ಫ್ರೆಟ್‌ನ ಮೇಲೆ ಇ ತಂತಿ 2.5, ಜಿ ತಂತಿ 2 ಮಿಲಿಮೀಟರ್ ಇದ್ದರೆ ಆರಾಮ. ಕೊನೆಗೆ 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರವನ್ನೂ ಅದೇ ಜಾಗದ ಹಾರ್ಮೋನಿಕ್ಕನ್ನೂ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು, ಅಂದರೆ ಸ್ಯಾಡಲ್, ಹಿಂದಕ್ಕೆ ತಳ್ಳಿ, ಇಳಿದಿದ್ದರೆ ಮುಂದಕ್ಕೆ. ಹಾರ್ಮೋನಿಯಂ ಜೊತೆ ನುಡಿಸುವವರು ಇದನ್ನು ಬಿಡುವ ಹಾಗೇ ಇಲ್ಲ, ಅದು ನಿಮಗಾಗಿ ಶ್ರುತಿ ಬದಲಿಸಿಕೊಳ್ಳುವ ವಾದ್ಯ ಅಲ್ಲ.

ತಂತಿಗಳು 45ರಿಂದ 105ರ ದಪ್ಪದ ಸೆಟ್ ಸಾಕು. ಮೇಲೆ ದುಂಡು ತಂತಿ ಸುತ್ತಿದ ರೌಂಡ್‌ವೌಂಡ್ ಹೊಳೆಯುವ ದನಿ ಕೊಡುತ್ತದೆ, ಚಪ್ಪಟೆ ತಂತಿ ಸುತ್ತಿದ ಫ್ಲಾಟ್‌ವೌಂಡ್‌ನ ದನಿ ಮಂದ, ದುಂಡು. ವಚನ, ಭಜನೆ, ಹಳೆಯ ಸಿನಿಮಾ ಹಾಡಿಗೆ ನನ್ನ ಮತ ಫ್ಲಾಟ್‌ವೌಂಡ್‌ಗೆ. ದುಬಾರಿ ಹೌದು, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಆಂಪ್‌ಗೆ ದುಡ್ಡು ಸುರಿಯಬೇಡಿ. ಕಾರ್ಯಕ್ರಮದಲ್ಲಿ ನಿಮ್ಮ ದನಿ ಹೋಗುವುದು ಸೌಂಡ್‌ನವರ ಮಿಕ್ಸರ್ ಮೂಲಕ. ಹಾಗಾಗಿ ಕೊಳ್ಳಬೇಕಾದ್ದು ಬೇಸನ್ನು ಮಿಕ್ಸರ್‌ಗೆ ನೇರ ಜೋಡಿಸುವ ಒಂದು ಒಳ್ಳೆಯ ಡಿಐ ಬಾಕ್ಸ್, ಎರಡು ಗಟ್ಟಿ ಕೇಬಲ್. ಡಿಐಯಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇರುತ್ತದೆ, ಮಿಕ್ಸರ್‌ಗೆ ಜೋಡಿಸಿದಾಗ ಬರುವ ಹಮ್ ಬಹಳ ಸಲ ಅದನ್ನು ಒತ್ತಿದರೆ ಹೋಗುತ್ತದೆ. ಹಮ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ಅದು ಬೇಡವೇ ಬೇಡ. ಒಂದು ಕೈ ತಂತಿಯ ಮೇಲೆ ಇದ್ದು ತುಟಿ ಮೈಕಿಗೆ ತಾಗಿದರೆ ಜೀವಕ್ಕೇ ಅಪಾಯ. ಆಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿ ಇರುವುದು, ಆದರೆ ನುಡಿಸಿ ಮುಗಿದ ಕೂಡಲೇ ಕೇಬಲ್ ಎಳೆದಿಡಿ, ಜ್ಯಾಕ್ ಒಳಗಿದ್ದರೆ 9 ವೋಲ್ಟ್ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ ಸಣ್ಣ ಆಂಪ್ ಅಥವಾ ಹೆಡ್‌ಫೋನ್. ಹತ್ತಡಿ ಕೋಣೆಯಲ್ಲಿ ಎ ತಂತಿ ಮಾತ್ರ ವಿಪರೀತ ಗುಂಯ್‌ಗುಟ್ಟಿದರೆ ಬೇಸಿನ ದೋಷ ಅಂದುಕೊಳ್ಳಬೇಡಿ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ತಾನಾಗಿ ಮೊಳಗುವ ಕಂಪನ ಸುಮಾರು 56 ಹರ್ಟ್ಸ್, ಖಾಲಿ ಎ ತಂತಿ 55. ಆಂಪನ್ನು ಗೋಡೆಯಿಂದ ದೂರ ಸರಿಸಿ.

ಇನ್ನು ನುಡಿಸುವುದು. ಗಾಯಕರ ಷಡ್ಜ ಎಲ್ಲಿ ಅಂತ ಕೈಗೆ ಗೊತ್ತಿರಬೇಕು. ಕರಿ ಒಂದು ಎ ತಂತಿಯ 4ರಲ್ಲಿ, ಕರಿ ಎರಡು ಎ ತಂತಿಯ 6ರಲ್ಲಿ. ಬಿಳಿ ನಾಲ್ಕು ಇ ತಂತಿಯ 1ರಲ್ಲಿ. ಹೆಣ್ಣುಮಕ್ಕಳು ಹಾಡುವ ಕರಿ ನಾಲ್ಕು, ಕರಿ ಐದು ಇ ತಂತಿಯ 4 ಮತ್ತು 6ರಲ್ಲಿ. ಬೆಳಗಾವಿಯಲ್ಲಿ ಹಾರ್ಮೋನಿಯಂನವರು ಕಾಳಿ ಚಾರ್ (ಕರಿ ನಾಲ್ಕು), ಪಾಂಢರಿ ಚಾರ್ (ಬಿಳಿ ನಾಲ್ಕು) ಅಂತ ಮರಾಠಿಯಲ್ಲೇ ಕೂಗುತ್ತಾರೆ, ಅದಕ್ಕೂ ಕಿವಿ ರೆಡಿ ಇರಲಿ.

ಹೊಸಬರು ಎಲ್ಲದಕ್ಕೂ ಸಾ-ಪ, ಸಾ-ಪ ನುಡಿಸುತ್ತಾರೆ. ಹಾಡು ಮಾಲಕಂಸದಲ್ಲಿದ್ದರೆ ಪಂಚಮವೇ ಇಲ್ಲ, ಗಾಯಕರು ತಿರುಗಿ ನೋಡುವ ನೋಟ ಸಾಕು. ಅಲ್ಲಿ ಮಧ್ಯಮ ಹಿಡಿಯಿರಿ, ತಂಬೂರಿಯನ್ನೂ ಆ ರಾಗಕ್ಕೆ ಮಧ್ಯಮಕ್ಕೇ ಶ್ರುತಿ ಮಾಡುತ್ತಾರೆ. ಭೂಪದಲ್ಲಿ ತಿರುವುಮುರುವು: ಪಂಚಮ ಇದೆ, ಮಧ್ಯಮ ಇಲ್ಲ.

ಕೂರುವ ಜಾಗ ತಬಲಾದವರ ಡಗ್ಗಾ (ಎಡಗೈಯ ದೊಡ್ಡ ದನಿಯ ತಬಲಾ) ಪಕ್ಕದಲ್ಲಿ. ಎಂಟು ಮಾತ್ರೆಯ ಕೆಹರ್ವಾ ತಾಳ ಕೇಳಿ: ಧಾ ಗೆ ನಾ ತಿ, ನಾ ಕೆ ಧಿ ನಾ. ಡಗ್ಗಾ ತೆರೆದು ಮೊಳಗುವುದು 1, 2 ಮತ್ತು 7ರಲ್ಲಿ. ನೀವು 1 ಮತ್ತು 7 ಹಿಡಿದು, 5ರ ಖಾಲಿಯಲ್ಲಿ (ಪೆಟ್ಟಿಲ್ಲದ ಜಾಗ) ಕೈ ಎತ್ತಿಬಿಡಿ. ತಾಳ ತಾನೇ ಉಸಿರಾಡುತ್ತದೆ. ಏಳು ಮಾತ್ರೆಯ ರೂಪಕದಲ್ಲಿ ಖಾಲಿಯೇ ಮೊದಲು ಬರುತ್ತದೆ, ಹಾಗಾಗಿ ಮೊದಲ ಮೂರು ಮಾತ್ರೆ ಸುಮ್ಮನಿದ್ದು 4 ಮತ್ತು 6ಕ್ಕೆ ಬನ್ನಿ. ದೊಡ್ಡ ಹಾಲ್‌ನಲ್ಲಿ ಸ್ವರಗಳನ್ನು ತುಂಡು ತುಂಡಾಗಿ ನುಡಿಸಿ. ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾರನ್ನು ಕೇಳಬೇಕು? ಮೊದಲು ಜೇಮ್ಸ್ ಜೇಮರ್‌ಸನ್. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1962ರ ಒಂದು ಪ್ರಿಸಿಷನ್ ಮೇಲೆ, ಹಳೆಯ ಫ್ಲಾಟ್‌ವೌಂಡ್ ತಂತಿಗಳ ಮೇಲೆ, ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸಿದವರು. ಬ್ರಿಡ್ಜ್ ಹತ್ತಿರ ತಂತಿಯ ಕೆಳಗೆ ಸ್ಪಂಜು ಇರುತ್ತಿತ್ತು, ದನಿ ಬೇಗ ಅಡಗಲಿ ಅಂತ. ನಮ್ಮ ಮೊಳಗುವ ಹಾಲ್‌ಗಳಿಗೆ ಈ ಸ್ಪಂಜಿನ ಉಪಾಯ ಹೇಳಿ ಮಾಡಿಸಿದ ಹಾಗಿದೆ, ಪಾತ್ರೆ ತೊಳೆಯುವ ಸ್ಪಂಜೇ ಸಾಕು. 1971ರವರೆಗೆ ಮೋಟೌನ್ ಆಲ್ಬಮ್‌ಗಳ ಮೇಲೆ ಅವರ ಹೆಸರೇ ಬರಲಿಲ್ಲ. ರಸಮಂಜರಿಯಲ್ಲಿ ನಿರೂಪಕರು ಬೇಸಿನವರ ಹೆಸರು ಮರೆತರೆ ಬೇಜಾರಾಗಬೇಡಿ.

ಲ್ಯಾರಿ ಗ್ರಹಾಂ ತಾಯಿಯ ಜೊತೆ ನುಡಿಸುತ್ತಿದ್ದಾಗ ಡ್ರಮ್ಮರ್ ಇಲ್ಲದ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿ ಬಡಿದರು, ಸ್ಲ್ಯಾಪ್ ಶುರುವಾದದ್ದು ಹಾಗೆ. ತಬಲಾ ಇರುವಲ್ಲಿ ಸ್ಲ್ಯಾಪ್ ಬೇಡ, ಅದು ಡಗ್ಗಾದ ಮೇಲೆ ಕೂತುಬಿಡುತ್ತದೆ. ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಜಾಝ್ ಬೇಸ್ ನುಡಿಸಿದವರು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕೇಳಿ ಬೆಳೆದವರಿಗೆ ಅವರ ಜಾರು ಸ್ವರಗಳು ಕೂಡಲೇ ಹಿಡಿಸುತ್ತವೆ. ಬೇಸ್ ಸಾಲು ತಾನೇ ಒಂದು ರಾಗದ ಹಾಗೆ ನಡೆಯುವುದನ್ನು ಕೇಳಬೇಕಾದರೆ ಇಳಯರಾಜಾ ಅವರ 80ರ ದಶಕದ ಕೆಲಸ ಹಾಕಿ, ಹೆಡ್‌ಫೋನ್‌ನಲ್ಲೇ ಕೇಳಿ, ಮೊಬೈಲ್ ಸ್ಪೀಕರ್‌ನಲ್ಲಿ ಅದು ಸಿಗುವುದಿಲ್ಲ.

ಕೊನೆಗೆ, ಬೇಸ್ ಹಿಡಿಯದವರೊಬ್ಬರು. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ. ತಂಬೂರಿಯ ಶ್ರುತಿ ವಿಷಯದಲ್ಲಿ ಅವರದು ಬಲು ಕಟ್ಟುನಿಟ್ಟು. ಅವರ ಯಾವುದಾದರೂ ಧ್ವನಿಮುದ್ರಿಕೆ ಹಾಕಿ, ಗಾಯನ ಬಿಟ್ಟು ಹಿಂದಿನ ತಂಬೂರಿಯನ್ನಷ್ಟೇ ಹಿಂಬಾಲಿಸಿ, ಖರ್ಜದ ತಂತಿ ಮೀಟಿದಾಗಲೆಲ್ಲ ನೀವೂ ಅದೇ ಸ್ವರ ಮೀಟಿ. ಶ್ರುತಿ ಫ್ರೆಟ್‌ಗೆ ಸರಿಯಾಗಿ ಕೂರದಿದ್ದರೆ ನಿಮ್ಮ ಟ್ಯೂನಿಂಗ್ ಕೀಲಿಯನ್ನು ಸ್ವಲ್ಪ ತಿರುಗಿಸಿಕೊಳ್ಳಿ.