ಡೆಂಚರ್ ಅಕ್ರಿಲಿಕ್‌ನಲ್ಲಿ ತಲೆಬುರುಡೆಯ ಪ್ಲೇಟ್: ನನ್ನ ಅನುಭವ

“ಹಲ್ಲಿನ ಸೆಟ್ ಮಾಡೋರಿಗೆ ಬುರುಡೆ ಕೆಲಸ ಯಾಕ್ರೀ?” ಅಂದಿದ್ದರು ಊರಿನ ಒಬ್ಬ ಸರ್ಜನ್, ಡೆಂಚರ್ ಅಂದರೆ ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲೇ ಬುರುಡೆಗೂ ಪ್ಲೇಟ್ ಮಾಡುತ್ತೇನೆ ಅಂದಾಗ. 1949ರಲ್ಲಿ ಲಂಡನ್ನಿನ ಕಣ್ಣಿನ ಡಾಕ್ಟ್ರು ಹೆರಾಲ್ಡ್ ರಿಡ್ಲಿ ಕಣ್ಣೊಳಗೇ ಅಕ್ರಿಲಿಕ್ ಲೆನ್ಸ್ ಇಟ್ಟಿದ್ದಾರೆ, ತಲೆಗೆ ಯಾಕಾಗಲ್ಲ ಸರ್ ಅಂದೆ. ನಕ್ಕರು. ಈಗ ಅವರೇ ಕೇಸ್ ಕಳಿಸುತ್ತಾರೆ.

ನನ್ನ ಮೊದಲ ಕೇಸಿನ ಹುಡುಗನಿಗೆ 26-27 ಇರಬಹುದು. ಬೈಕಿನಿಂದ ಬಿದ್ದು ಮೆದುಳು ಊದಿ, ಬುರುಡೆಯ ಬಲಗಡೆ ಮೂಳೆ ತೆಗೆದಿದ್ದರು. ಬೇಸಿಗೆಯಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡೇ ಓಡಾಡುತ್ತಿದ್ದ. ಟೈಟಾನಿಯಂ ಪ್ಲೇಟಿಗೆ 1 ಲಕ್ಷದ ಮೇಲೆ ಹೇಳಿದ್ದರಂತೆ. ನ್ಯೂರೋ ಡಾಕ್ಟ್ರು ಒಟಿಯಲ್ಲೇ ಬೋನ್ ಸಿಮೆಂಟ್ (ಅದೂ ಅಕ್ರಿಲಿಕ್ಕೇ) ಕಲಸಿ ಹಾಕಬಹುದಿತ್ತು. ಆದರೆ ಗಟ್ಟಿಯಾಗುವಾಗ ಅದು ಸುಡುತ್ತದೆ, ಸಲೈನ್ ಸುರಿಯುತ್ತಾ ನಿಲ್ಲಬೇಕು. ಹಾಗಾಗಿ ಪ್ಲೇಟ್ ಮೊದಲೇ ಮಾಡಿಕೊಡಿ ಅಂದರು.

5 ಮಿ.ಮೀ. ದಪ್ಪದ ಸ್ಲೈಸಿನ ಸಿಟಿ ಸ್ಕ್ಯಾನ್ ಕೊಟ್ಟು ಬುರುಡೆಯ ಮಾಡೆಲ್ 3ಡಿ ಪ್ರಿಂಟ್ ಮಾಡಿಸಿದೆ. ಬುರುಡೆ ಮೆಟ್ಟಿಲು ಮೆಟ್ಟಿಲಾಗಿ ಬಂತು. 4 ಸಾವಿರ ನೀರುಪಾಲು. 1 ಮಿ.ಮೀ.ದೇ ಕೇಳಿ. ಆಮೇಲೆ ಫ್ಲಾಸ್ಕ್, ಅಂದರೆ ಮೇಣದ ಅಚ್ಚು ತೆಗೆದು ಅಕ್ರಿಲಿಕ್ ತುಂಬಿ ಬೇಯಿಸುವ ಲೋಹದ ಡಬ್ಬಿ. ಅಂಗೈಗಿಂತ ದೊಡ್ಡ ಮೇಣದ ಪ್ಯಾಟರ್ನ್ ನಮ್ಮ ಯಾವ ಫ್ಲಾಸ್ಕಿಗೂ ಹಿಡಿಯಲಿಲ್ಲ. ಲೇತ್ ಅಂಗಡಿಗೆ ಹೋದೆ. “ಇಡ್ಲಿ ಪಾತ್ರೆನಾ ಸಾರ್?” ಅಂದವನು ಮೂರೂವರೆ ಸಾವಿರ ತಗೊಂಡ.

ಮೊದಲ ಪ್ಲೇಟಿನ ತುಂಬ ಸೋಡಾ ಗುಳ್ಳೆ. ಅವಸರಕ್ಕೆ ಫ್ಲಾಸ್ಕನ್ನು ನೇರ ಕುದಿಯುವ ನೀರಿಗೆ ಇಳಿಸಿದ್ದೆ. ಅಕ್ರಿಲಿಕ್ ಪುಡಿಗೆ ಕಲಸುವ ದ್ರವ, ಮಾನೋಮರ್, 100 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ ಅಂತ ಹುಡುಗರಿಗೆ ಪಾಠ ಹೇಳುವವನೇ ನಾನು! ಎರಡನೆಯದು ಗಾಜಿನ ಹಾಗಿತ್ತು. ಆಸ್ಪತ್ರೆಯಲ್ಲಿ ಯಾರೋ ಕ್ರಿಮಿ ಸಾಯಲಿ ಅಂತ 121 ಡಿಗ್ರಿ ಆವಿಯ ಆಟೋಕ್ಲೇವ್‌ಗೆ ಹಾಕಿ ಹಪ್ಪಳ ಮಾಡಿದರು. ಈಗ ಅದಕ್ಕೆ ಇಟಿಒ (ಎಥಿಲೀನ್ ಆಕ್ಸೈಡ್) ಗ್ಯಾಸ್ ಮಾತ್ರ, ಗ್ಯಾಸ್ ಪೂರ್ತಿ ಬಿಡುವ ತನಕ ಯಾರೂ ಮುಟ್ಟುವಂತಿಲ್ಲ.

ಮೂರನೆಯದನ್ನು 74 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ, ಸುಮಾರು 8 ಗಂಟೆ. ಬೆಳಿಗ್ಗೆ ಇನ್ನೆರಡು ಗಂಟೆ ಕುದಿಸಿದೆ. ಮಾನೋಮರ್ ಉಳಿದು ಬಾಯಿ ಉರಿದರೆ ಸೆಟ್ ತೆಗೆದಿಡಬಹುದು. ಇದನ್ನು ತೆಗೆಯೋಕಾಗುತ್ತಾ? ಪುಡಿಯೂ ಬಣ್ಣವಿಲ್ಲದ ಕ್ಲಿಯರ್. ಕೆಳಗೆ ನೀರು ಕಟ್ಟದಿರಲಿ ಅಂತ ಅಲ್ಲಲ್ಲಿ ತೂತು. ಅಂಚು ಅಲುಗಾಡದಂತೆ ಕೂರಲು ಮೇಣದಲ್ಲೇ ಒಂದು ಕೈಚಳಕ ಇದೆ. ಅದು ನನ್ನ ಹತ್ರವೇ ಇರಲಿ.

ನಡುವೆ ಸುಮ್ನೆ ಒಂದು ಆಟ ಆಡಿದೆ. ಎಕ್ಸ್‌ರೇಯಲ್ಲಿ ಅಕ್ರಿಲಿಕ್ ಸರಿಯಾಗಿ ಕಾಣಲ್ಲ ಅಲ್ವಾ, ಬೋನ್ ಸಿಮೆಂಟಿನಲ್ಲಿ ಇರುವ ಹಾಗೆ ಬೇರಿಯಂ ಸಲ್ಫೇಟ್ ಬೆರೆಸಿ ಒಂದು ಪಟ್ಟಿ ಮಾಡಿದೆ. ಬೆಳ್ಳಗೆ ಕಂಡಿತು. ಬಗ್ಗಿಸಿದರೆ ಚಟ್ ಅಂತ ಮುರಿಯಿತು. ನಾನು ಜಾಸ್ತಿ ಹಾಕಿದ್ದೆನೋ ಏನೋ, ಅಲ್ಲಿಗೇ ಬಿಟ್ಟೆ.

ಒಟಿಯಲ್ಲಿ ಕಿವಿಯ ಮೇಲ್ಗಡೆ ಕೂದಲೆಳೆಯಷ್ಟು ತಾಗಿತು. ಡಾಕ್ಟ್ರು ಬರ್‌ನಿಂದ (ತಿರುಗುವ ಸಣ್ಣ ಅರ) ಸವರಿ, ಟೈಟಾನಿಯಂ ಮಿನಿಪ್ಲೇಟ್ ಇಟ್ಟು ಸ್ಕ್ರೂ ಬಿಗಿದರು. ಕೆಟ್ಟಿದ್ದೆಲ್ಲ ಸೇರಿ ನನಗೆ ಬಿದ್ದಿದ್ದು 18 ಸಾವಿರ, ತಗೊಂಡಿದ್ದು 12. ಈಗಾದರೆ 8ರೊಳಗೆ ಮುಗಿಸುತ್ತೇನೆ.

ಎರಡು ವರ್ಷವಾಯಿತು. ಮೊನ್ನೆ ಹುಡುಗ ಹೊಸ ಕ್ರಾಪ್ ಮಾಡಿಸಿಕೊಂಡು ಬಂದಿದ್ದ, ಕ್ಯಾಪ್ ಇಲ್ಲ. ಆ ಸರ್ಜನ್ ಕಳಿಸಿದ ಹೊಸ ಕೇಸು ಹಣೆಯಿಡೀ ಇದೆ. ಫ್ಲಾಸ್ಕಿಗೆ ಹಿಡಿಯಲ್ಲ. ನಾಳೆ ಮತ್ತೆ ಲೇತ್ ಅಂಗಡಿಗೆ ಹೋಗಬೇಕು, ಇನ್ನೂ ದೊಡ್ಡ ಇಡ್ಲಿ ಪಾತ್ರೆಗೆ.