ಡಿಸೈನ್ ಕೇಕ್: ರೇಟು ಹಾಕುವುದು ಹೇಗೆ, ಮೇಲೆ ಏನೇನು ಇಡಬಹುದು

ಡಿಸೈನ್ ಕೇಕಿನ ಆರ್ಡರ್ ಬಂದರೆ ನಾನು ಮೊದಲು ಕೇಳುವುದು, ತಿನ್ನುವವರು ಯಾರು ಅಂತ. ಕೆಜಿ ಲೆಕ್ಕ ಆಮೇಲೆ. ಒಂದು ವರ್ಷದ ಮಗುವಿನ ಹುಟ್ಟುಹಬ್ಬ ಅಂದರೆ ಮೇಲಿನ ಮುತ್ತು, ಗೊಂಬೆ, ಮಿಂಚು ಎಲ್ಲವೂ ಬಾಯಿಗೆ ಹೋಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುವ ನಾನು ಡಿಸೈನ್, ರೇಟು ಎರಡನ್ನೂ ಇಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ರೇಟು. ಒಂದು ಕೆಜಿ ಫಾಂಡಂಟ್ (ಕೇಕಿಗೆ ಹೊದಿಸುವ, ಗೊಂಬೆ ಮಾಡುವ ಸಕ್ಕರೆ ಹಿಟ್ಟು) ಕೇಕಿಗೆ ನನ್ನ ಲೆಕ್ಕ ಹೀಗಿದೆ. ಮೈದಾ, ಸಕ್ಕರೆ, ಮೊಟ್ಟೆ, ಕೋಕೋ, ಕ್ರೀಮ್ ಸೇರಿ 290 ರೂಪಾಯಿ. ಬಾಕ್ಸು, ಬೋರ್ಡು 60. ಕರೆಂಟು 20. ಫಾಂಡಂಟ್ ಹತ್ತಿರ ಹತ್ತಿರ ಅರ್ಧ ಕೆಜಿ ಹಿಡಿಯುತ್ತದೆ, ಅದಕ್ಕೆ 150. ಬಣ್ಣ, ಮಿಂಚು 30. ಅಲ್ಲಿಗೆ 550 ಆಯಿತು. ಸಾಮಾನು ಹಾಳಾಗುವುದಕ್ಕೆ ಇನ್ನೊಂದು 55. ಗೊಂಬೆ ಮಾಡಿ, ಕೇಕಿಗೆ ಹೊದಿಸಿ, ಪಾತ್ರೆ ತೊಳೆಯುವ ತನಕ ನಾಲ್ಕು ಗಂಟೆ ಕೆಲಸ. ಗಂಟೆಗೆ 150ರಂತೆ 600. ಒಟ್ಟು 1,205. ಮೇಲೆ 20% ಲಾಭ ಇಟ್ಟು 1,450 ಹೇಳುತ್ತೇನೆ. ಅರ್ಧ ದುಡ್ಡು ಮುಂಗಡ.

‘ಬೇಕರೀಲಿ ಇದರ ಅರ್ಧಕ್ಕೆ ಸಿಗುತ್ತೆ ಅಲ್ವಾ ಅಕ್ಕ’ ಅಂತ ಕೇಳೇ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಕೈಕೆಲಸದ ಗಂಟೆಗಳನ್ನು ಬಿಡಿಸಿ ಹೇಳಿ. ಆಮೇಲೂ ಜಾಸ್ತಿ ಅನ್ನಿಸಿದರೆ ಡಿಸೈನ್ ಕಡಿಮೆ ಮಾಡಿ, ಕೂಲಿ ಕಡಿಮೆ ಮಾಡಬೇಡಿ. ಪೂರ್ತಿ ಫಾಂಡಂಟ್ ಬದಲು ಕ್ರೀಮ್ ಬಳಿದು, ಮೇಲೆ ಒಂದೇ ಒಂದು ಗೊಂಬೆ ಕೂರಿಸಿದರೆ ಎರಡು ಗಂಟೆ ಉಳಿಯುತ್ತದೆ. ನೋಡುವುದಕ್ಕೂ ಚೆನ್ನ.

ಮಿಂಚಿನ ಪುಡಿ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ‘ನಾನ್ ಟಾಕ್ಸಿಕ್’ ಅಂತಷ್ಟೇ ಇದ್ದರೆ ಬೇಡ. ಅದು ತಿನ್ನುವ ಪುಡಿ ಅಂತ ಅರ್ಥವಲ್ಲ. ‘ಎಡಿಬಲ್’ ಅಂತ ಇರಬೇಕು, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರಬೇಕು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳಿಗೆ ವಾಂತಿ, ಭೇದಿ ಆಯಿತು. ಮೇಲೆ ಬಳಿದಿದ್ದ ರೋಸ್ ಗೋಲ್ಡ್ ಪುಡಿಯಲ್ಲಿ ತಾಮ್ರ ಇತ್ತು. ಅದು ತಿನ್ನುವುದಕ್ಕೆ ಮಾಡಿದ ಪುಡಿಯೇ ಅಲ್ಲ.

ಬಣ್ಣಕ್ಕೂ ಮಿತಿ ಇದೆ. ನಮ್ಮ ದೇಶದ ನಿಯಮದಲ್ಲಿ ಕೃತಕ ಬಣ್ಣ ಒಂದು ಕೆಜಿಗೆ 100 ಮಿಲಿಗ್ರಾಂ ದಾಟುವಂತಿಲ್ಲ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷೆ ಮಾಡಿದಾಗ 12ರಲ್ಲಿ ಬಣ್ಣದ ತೊಂದರೆ ಸಿಕ್ಕಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರೇ ಎದ್ದು ಕಂಡವು. ಕಡಿಮೆ ಬಣ್ಣದಲ್ಲಿ ಗಾಢ ಬರಿಸುವ ದಾರಿ ಇದೆ. ಕಪ್ಪು ಬೇಕಾದರೆ ಬಿಳಿ ಕ್ರೀಮಿಗೆ ಬಣ್ಣ ಸುರಿಯಬೇಡಿ, ಕೋಕೋ ಹಾಕಿದ ಕ್ರೀಮಿನಿಂದ ಶುರು ಮಾಡಿ. ಕೆಂಪನ್ನು ಒಂದು ಛಾಯೆ ತಿಳಿಯಾಗಿಯೇ ನಿಲ್ಲಿಸಿ, ಫ್ರಿಜ್ಜಿನಲ್ಲಿ ರಾತ್ರಿ ಇಡಿ. ಬೆಳಿಗ್ಗೆ ತಾನೇ ಗಾಢವಾಗಿರುತ್ತದೆ.

ಇನ್ನು ಹೂವು. ನಮ್ಮ ಕಡೆ ಗುಲಾಬಿ ತೋಟಕ್ಕೆ ಬರವಿಲ್ಲ. ಹಾಗಾಗಿ ‘ಫ್ರೆಶ್ ರೋಸ್ ಇಟ್ಟುಬಿಡಿ, ನಾವೇ ತಂದುಕೊಡ್ತೀವಿ’ ಅನ್ನುವವರು ಬಹಳ. ಮಾರುಕಟ್ಟೆಯ ಹೂವು ಮುಡಿಯುವುದಕ್ಕೆ, ಹಾರಕ್ಕೆ ಬೆಳೆದದ್ದು. ಹುಳ, ನುಸಿ ಅಂತ ಔಷಧಿ ಹೊಡೆದಿರುತ್ತಾರೆ. ನೀರಲ್ಲಿ ತೊಳೆದ ಮಾತ್ರಕ್ಕೆ ಅದೆಲ್ಲ ಹೋಗುವುದಿಲ್ಲ. ಬಿಳಿ ಚುಕ್ಕಿಯಂಥ ಜಿಪ್ಸಿ ಹೂವು ಕೇಕಿನ ಮೇಲೆ ಬಹಳ ಕಾಣುತ್ತದೆ, ಅದು ತಿನ್ನುವ ಹೂವಲ್ಲ. ಕಣಗಿಲೆಯನ್ನಂತೂ ಹತ್ತಿರಕ್ಕೂ ತರಬೇಡಿ, ಎಲೆಯಿಂದ ಹೂವಿನವರೆಗೆ ವಿಷ. ನಾನು ಔಷಧಿ ಹೊಡೆಯದ ನಮ್ಮ ಕುಂಡದ ನಾಟಿ ಗುಲಾಬಿಯ ದಳ ಮಾತ್ರ ಬಳಸುತ್ತೇನೆ. ಅದಿಲ್ಲದಿದ್ದರೆ ಫಾಂಡಂಟ್ ಹೂವು. ಗಿರಾಕಿ ತಂದ ಹೂವೇ ಬೇಕು ಅಂದರೆ ಅದನ್ನು ಬೋರ್ಡಿನ ಸುತ್ತ ಜೋಡಿಸಿ, ಕ್ರೀಮಿಗೆ ತಾಗದ ಹಾಗೆ.

ಗೊಂಬೆಯ ತಲೆ ನಿಲ್ಲಿಸಲು ಟೂತ್‌ಪಿಕ್ ಚುಚ್ಚುವ ಅಭ್ಯಾಸ ಬಿಡಿ. ಮುರಿದ ತುದಿ ಮಗುವಿನ ಗಂಟಲಿಗೆ ಹೋದರೆ ಏನು ಗತಿ? ಬೇಯಿಸದ ಸ್ಪಗೆಟ್ಟಿ (ಉದ್ದ ಕಡ್ಡಿಯಂಥ ಪಾಸ್ತಾ) ಕಡ್ಡಿ ಅದೇ ಕೆಲಸ ಮಾಡುತ್ತದೆ. ಗೊಂಬೆ ಸ್ವಲ್ಪ ಮೆತ್ತಗಿರುವಾಗಲೇ ಕುತ್ತಿಗೆಗೆ ನೇರವಾಗಿ ಇಳಿಸಿ, ಮೇಲೆ ಕಾಲು ಇಂಚು ಬಿಟ್ಟು ಮುರಿಯಿರಿ. ಒಂದು ಹನಿ ನೀರು ಹಚ್ಚಿ ತಲೆ ಕೂರಿಸಿ, ರಾತ್ರಿಯಿಡೀ ಒಣಗಲು ಬಿಡಿ. ತಂತಿಗೆ ಕಟ್ಟಿದ ಅಲಂಕಾರದ ಹೂವಿನ ಕಡ್ಡಿಯನ್ನು ನೇರ ಕೇಕಿಗೆ ಚುಚ್ಚಬೇಡಿ. ತಳ ಮುಚ್ಚಿದ ಸ್ಟ್ರಾ ತುಂಡೊಳಗೆ ಇಳಿಸಿ. ಫೋಟೋ ಕೇಕಿನ ಹಾಳೆ, ಇಂಕು ಎರಡೂ ತಿನ್ನುವಂಥದ್ದೇ ಇರಬೇಕು. ಆಫೀಸಿನ ಪ್ರಿಂಟರ್ ಆಗುವುದಿಲ್ಲ. ರಾಯಲ್ ಐಸಿಂಗಿಗೆ (ಒಣಗಿದರೆ ಗಟ್ಟಿಯಾಗುವ ಸಕ್ಕರೆ ಲೇಪ) ಹಸಿ ಮೊಟ್ಟೆಯ ಬಿಳಿ ಬೇಡ, ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಮೆರಾಂಗ್ ಪುಡಿ ಸಾಕು.

ಕೇಕ್ ಶಿಡ್ಲಘಟ್ಟಕ್ಕೋ ಬಾಗೇಪಲ್ಲಿಗೋ ಹೋಗುವುದಾದರೆ ಕಾರಿನ ಸೀಟಿನ ಮೇಲೆ ಇಡಬೇಡಿ, ಸೀಟು ಇಳಿಜಾರು. ಕೆಳಗೆ ಸಮತಟ್ಟಾದ ಜಾಗದಲ್ಲಿ ಒದ್ದೆ ಬಟ್ಟೆ ಹಾಸಿ ಇಡಿ, ಜಾರುವುದಿಲ್ಲ. ಬಾಕ್ಸಿನ ಮೇಲೆ ನಾನು ಚೀಟಿ ಅಂಟಿಸುತ್ತೇನೆ. ಮೊಟ್ಟೆ, ಹಾಲು, ಗೋಡಂಬಿ ಇದೆಯೋ ಇಲ್ಲವೋ, ಯಾವುದು ತಿನ್ನಬಹುದು, ಕತ್ತರಿಸುವ ಮುಂಚೆ ಯಾವುದು ತೆಗೆಯಬೇಕು, ಎಷ್ಟು ಕಡ್ಡಿ ಇವೆ ಅಂತ ಎಣಿಸಿ ಬರೆದಿರುತ್ತೇನೆ. ಮೇಣದಬತ್ತಿ ಉರಿಯುವಾಗ ಸ್ನೋ ಸ್ಪ್ರೇ ಹೊಡೆಯಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ ಅನ್ನುವುದನ್ನು ಕೇಕ್ ಕೈಗೆ ಕೊಡುವಾಗ ಬಾಯಿಬಿಟ್ಟೇ ಹೇಳುತ್ತೇನೆ.